ಕನ್ನಡಿಯ ಬೊಟ್ಟು

ಮೂರನೇ ಕ್ಲಾಸಿನ ಅನು ತಾನು ತಂದಿದ್ದ ಕೈಗನ್ನಡಿಯನ್ನು ಎತ್ತಿ ತಗ್ಗಿಸಿ, ಅದಕ್ಕಂಟಿದ್ದ ಹಳೇ ಸ್ಟಿಕ್ಕರ್ ಬೊಟ್ಟು ತನ್ನ ಹಣೆಗೇ ಬರುವಂತೆ ಹಿಡಿಯುತ್ತಿದ್ದಳು. ಮನೆಯಿಂದ ಇಷ್ಟದ ವಸ್ತು ತಂದು, ಅದರೊಂದಿಗೆ ತಮ್ಮ ಚಿತ್ರ ಬರೆಯಬೇಕೆಂದು ಗಿರಿಜಾಂಬ ಟೀಚರ್ ಮಕ್ಕಳಿಗೆ ಹೇಳಿದ್ದರು. ಮುಖ ಕಾಣದೆ ಮಗು ಒದ್ದಾಡುತ್ತಿದೆ ಎಂದುಕೊಂಡ ಟೀಚರ್, ಬೊಟ್ಟನ್ನು ಉಗುರಿನಿಂದ ಕೆರೆದು ತೆಗೆದು, ಸೆರಗಿನಿಂದ ಗಾಜು ಒರೆಸಿಕೊಟ್ಟರು. "ಈಗ ಬರಿ, ಪುಟ್ಟಿ."

ಅನು ಕ್ರೇಯಾನ್ ಕೆಳಗಿಟ್ಟಳು. "ಅದು ನಮ್ಮವ್ವಂದು, ಮಿಸ್. ಕನಕಪುರದ ಆಸ್ಪತ್ರೆಗೆ ಹೋಗೋ ದಿನ ಮುಖ ತೊಳ್ಯಕ್ಕೆ ಅಂತ ತೆಗ್ದು ಅಂಟ್ಸಿತ್ತು. ಆಮ್ಯಾಕೆ ಅವ್ವ ಬರ್ನೇ ಇಲ್ಲ."

ಗಿರಿಜಾಂಬ ಮುದುಡಿದ ಬೊಟ್ಟನ್ನು ಗಾಜಿಗೆ ಒತ್ತಿದರು. ಕೈ ತೆಗೆದೊಡನೆ ಅದು ಉದುರಿತು. ಮತ್ತೆ ಒತ್ತಿದರು.

"ಬುಡಿ, ಮಿಸ್," ಎಂದಳು ಅನು, ಕನ್ನಡಿ ನೋಡುತ್ತ. "ಈಗ ಇದ್ರಲ್ಲಿ ನಾನೊಬ್ಳೇ ಇವ್ನಿ."