ಗುಂಡಮ್ಮ ಬರೆಸಿದ ಪತ್ರ

ತ್ರಿವೇಣಿ ಹಳೆ ಬಟ್ಟೆಯ ತುಂಡುಗಳಿಂದ ಹೊಲಿದು ತಂದಿದ್ದ ಕೌದಿಯನ್ನು ಗುಂಡಮ್ಮ ಮಗುಚಿ ಅದರ ಹಿಮ್ಮೈ ನೋಡತೊಡಗಿದಳು. ಅಸಾಧಾರಣ ಪ್ರತಿಭೆ ಇರುವವರಿಗೆ ಇಂಗ್ಲೆಂಡ್ ಕೊಡುವ ಕೆಲಸದ ವೀಸಾಕ್ಕೆ ತ್ರಿವೇಣಿ ಅರ್ಜಿ ಹಾಕಬೇಕಿತ್ತು. ಬೇಕಾದ ಮೂರು ಶಿಫಾರಸು ಪತ್ರಗಳಲ್ಲಿ ಎರಡು ಸಿಕ್ಕಿದ್ದವು. ಮೂರನೆಯದಕ್ಕಾಗಿ ಕಲಬುರಗಿಯಿಂದ ಬೆಳಿಗ್ಗೆಯೇ ಬಸ್ ಹಿಡಿದು ಕಮಲಾಪುರದ ಗುಂಡಮ್ಮನ ಮನೆಗೆ ಬಂದಿದ್ದಳು. ರಾಜ್ಯ ಪ್ರಶಸ್ತಿ ಪಡೆದ ಗುಂಡಮ್ಮನೇ ಅವಳಿಗೆ ಕೌದಿ ಹೊಲಿಯಲು ಕಲಿಸಿದ್ದಳು. ಆದರೆ ನಾಲ್ಕು ವರ್ಷದ ಹಿಂದೆ, "ನಾ ಹೇಳಿದಂಗ ಹೊಲಿಯೋದಿದ್ರ ಇರು, ಇಲ್ಲಂದ್ರ ಹೋಗು" ಎಂದು ಗುಂಡಮ್ಮ ಗದರಿದಾಗ ತ್ರಿವೇಣಿ ಎದ್ದು ಹೋಗಿದ್ದಳು. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ.

ಗುಂಡಮ್ಮನ ಹೆಬ್ಬೆರಳು ಹೊಲಿಗೆಯ ಸಾಲುಗಳ ಮೇಲೆ ಸರಿದು ಒಂದು ಮೂಲೆಯಲ್ಲಿ ನಿಂತಿತು. ಅಲ್ಲಿ ದಾರ ಸುತ್ತಿ ಸುತ್ತಿ ಬಂದಿದ್ದರೂ ಎಲ್ಲಿಯೂ ಗಂಟು ಕಾಣುತ್ತಿರಲಿಲ್ಲ.

"ಇದು ಯಾರು ಕಲಿಸ್ಯಾರ?"

"ಯಾರೂ ಇಲ್ಲ ಆಯಿ. ಬಿಚ್ಚಿ ಬಿಚ್ಚಿ ಹೊಲದು ನಾನೇ ಕಲತೀನಿ."

ಗುಂಡಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅವಳಿಗೆ ಇದು ಹಿಡಿಸಲಿಲ್ಲ, ಇನ್ನು ಹೊರಡುವುದೇ ಸರಿಯೆಂದು ತ್ರಿವೇಣಿ ಕೌದಿಗೆ ಕೈ ಚಾಚಿದರೆ ಗುಂಡಮ್ಮ ಬಿಟ್ಟುಕೊಡಲಿಲ್ಲ. ಅದನ್ನು ಮಡಿಲಿಗೆ ಎಳೆದುಕೊಂಡು ಒಳಗಿದ್ದ ಸೊಸೆಯನ್ನು ಕೂಗಿದಳು.

"ಸುಮಂಗಲಾ, ಹಾಳಿ ಪೆನ್ನು ತಗೊಂಡ್ ಬಾ. ನಾ ಹೇಳ್ತೀನಿ, ನೀ ಬರಿ. ಐವತ್ತು ವರ್ಷ ಆತು, ಕೌದಿ ಹೊಲಿಯಾಕತ್ತೀನಿ. ಈ ಹೊಲಿಗಿ ನನಗ ಬರಂಗಿಲ್ಲ. ಈಕಿಗೆ ಬರ್ತದ."

ತ್ರಿವೇಣಿ ಗೋಡೆಗೆ ಒರಗಿ ಕುಳಿತು ಉಸಿರುಬಿಟ್ಟಳು.

"ಸಹಿ ಕನ್ನಡದಾಗ ಮಾಡಿದ್ರ ನಡೀತದಿಲ್ಲೋ?" ಗುಂಡಮ್ಮ ಕೇಳಿದಳು.

"ನಡೀತದ ಆಯಿ," ಎಂದ ತ್ರಿವೇಣಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.