ಎರಡೆರಡು ಲೈನು

ಬ್ಯಾಂಕಿನ ನೆಟ್‌ವರ್ಕ್ ಬೆಳಗ್ಗೆಯೇ ಸತ್ತುಬಿದ್ದಿತ್ತು. ಪಿಂಚಣಿಗೆ ಬಂದ ಮುದುಕರು ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಮ್ಯಾನೇಜರಿಗೆ ಎಲ್ಲರ ಮೇಲೂ ಹೇಸಿಗೆ ಹುಟ್ಟಿತ್ತು. ಒಂದು ಕಂಪನಿಯ ಲೈನು ಹೋದರೆ ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದರದು ತಾನಾಗಿಯೇ ಕೆಲಸಕ್ಕೆ ಬರಲೆಂದು, ಯುಗಾದಿಗೆ ಎರಡೆರಡು ಲೈನು ಹಾಕಿಸಿ ಉದ್ಘಾಟನೆಯನ್ನೂ ಮಾಡಿಸಿದ್ದರು.

"ಎರಡೂ ಒಟ್ಟಿಗೆ ಸತ್ತವಾ? ಥೂ, ಇವರ ಮುಖಕ್ಕಿಷ್ಟು. ಬಿಲ್ ಕಳಿಸೋದೊಂದು ಗೊತ್ತು," ಎಂದು ರಿಪೇರಿಗೆ ಬಂದ ಎಂಜಿನಿಯರ್ ಹುಡುಗಿಯ ಮುಂದೆ ಉಗಿದರು.

"ಒಟ್ಟಿಗೆ ಹೋಗಿಲ್ಲ ಸರ್. ಇವತ್ತು ಹೋಗಿದ್ದು ಒಂದೇ. ಇನ್ನೊಂದು ಯುಗಾದಿಯಿಂದಲೇ ಇಲ್ಲ. ಇದು ನಡೀತಾ ಇತ್ತಲ್ಲ, ಯಾರಿಗೂ ಗೊತ್ತಾಗಿಲ್ಲ."

"ಯಾವ ಅಯೋಗ್ಯ ಕಡಿದಿದ್ದು ಅದನ್ನ? ಹೆಸರು ಹೇಳಮ್ಮ, ಇವತ್ತೇ ನೋಟಿಸ್ ಕೊಡ್ತೀನಿ."

"ಕಡಿದಿಲ್ಲ ಸರ್. ಕಿತ್ತೋರು ವಾಪಸ್ ಹಾಕಿಲ್ಲ, ಅಷ್ಟೆ."

ಅವಳು ಗೋಡೆಯ ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗೆ ಕೇಬಲ್ಲೊಂದು ಜೋತಾಡುತ್ತಿತ್ತು. ಅದರ ತುದಿಯಲ್ಲಿ, ಉದ್ಘಾಟನೆಯ ದಿನ "ನೋಡಿ, ಕಿತ್ತರೂ ನಮ್ಮ ಕೆಲಸ ನಿಲ್ಲಲ್ಲ" ಎಂದು ಅತಿಥಿಗಳ ಮುಂದೆ ಮ್ಯಾನೇಜರ್ ತಾವೇ ಹಿಡಿದೆಳೆದು ಚಪ್ಪಾಳೆ ಗಿಟ್ಟಿಸಿದ ಕೆಂಪು ರಿಬ್ಬನ್ ಇನ್ನೂ ಹಾಗೇ ಇತ್ತು.