ಮೊದಲ ಸೀಟಿನ ಪ್ರಶ್ನೆಗಳು

ಬಸ್ಸು ಇನ್ನೇನು ಹೊರಟಿತು ಎನ್ನುವಾಗ ಅವಳು ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಮುದುಡಿ ಕುಳಿತಳು. ತಲೆಗೆ ಸ್ಕಾರ್ಫು, ಕಣ್ಣಿಗೆ ಅರ್ಧ ಮುಖ ನುಂಗುವಂಥ ಕಪ್ಪು ಕನ್ನಡಕ. ಹೆತ್ತ ಅಪ್ಪನ ಬೆನ್ನು ಹತ್ತಿದ ಪತ್ತೇದಾರಿಗೆ ಇಷ್ಟು ವೇಷ ಸಾಕಿತ್ತು.

ಅಪ್ಪ ಮೊಟ್ಟಮೊದಲ ಸೀಟಿನಲ್ಲಿದ್ದ. ಗೈಡಿನ ಮೊಣಕೈ ತಾಗುವಷ್ಟು ಹತ್ತಿರ.

"ಕಡಲ ಕಡೆ ಒಂದು ಸುತ್ತು ಹೋಗಿ ಬರ್ತೀನಿ" ಎಂದು ಅವನು ಭಾನುವಾರ ಬಂತೆಂದರೆ ಮನೆ ಬಿಡುತ್ತಿದ್ದ. ಮೊನ್ನೆ, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಐದು ಟಿಕೆಟ್ ಸಿಕ್ಕವು. ಐದೂ ನಗರ ದರ್ಶನದ ಬಸ್ಸಿನವು. ಇದೇ ಊರಿನ ಬೀದಿಗಳಲ್ಲಿ ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನಿಗೆ ನಗರ ದರ್ಶನ!

ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಮರೆವು ಶುರುವಾಗಿದೆ, ಇನ್ನೇನು ಅನುಮಾನ? ನಾನಿರೋ ಊರಲ್ಲಿ ಒಳ್ಳೇ ವೃದ್ಧಾಶ್ರಮ ಇದೆ. ಯಾರೂ ದಾರಿ ತಪ್ಪಿ ಹೊರಗೆ ಹೋಗಬಾರದು ಅಂತ ಗೇಟಿಗೆ ಬೀಗ ಹಾಕಿರ್ತಾರೆ. ಭಾನುವಾರ ಸಂಜೆಯೊಳಗೆ ನೀನು ಹೂಂ ಅನ್ನು, ಕಾರು ತಗೊಂಡು ಬರ್ತೀನಿ."

ಆ ಬೀಗದ ಮಾತು ಅವಳ ತಲೆಯಿಂದ ಹೋಗಲೇ ಇಲ್ಲ. ಹೂಂ ಅನ್ನುವ ಮೊದಲು ಕಣ್ಣಾರೆ ನೋಡಿಬಿಡಬೇಕು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಬೇರೆಯವರ ಕಾಯಿಲೆಯ ಲಕ್ಷಣ ಎಣಿಸುವುದು ಅವಳಿಗೆ ರೂಢಿಯಾಗಿತ್ತು. ಇವತ್ತು ಅಪ್ಪನದು.

ಬಸ್ಸು ಕಡಲ ಬದಿಯ ರಸ್ತೆಗೆ ಹೊರಳಿತು. ಗೈಡು ಬಿಳಿ ಮೀಸೆಯ ನಗುಮೊಗದವನು. ಕಂಬಿ ಹಿಡಿದು, ಪ್ರಯಾಣಿಕರತ್ತ ಮುಖ ಮಾಡಿ ನಿಂತಿದ್ದ.

"ಸರ್," ಅಪ್ಪನ ದನಿ ಬಸ್ಸಿಗೆಲ್ಲ ಕೇಳಿಸಿತು. "ಬಲಗಡೆ ಬಂಡೆ ಮೇಲೆ ಬೆಳ್ಳಗೆ, ಎತ್ತರಕ್ಕೆ ನಿಂತಿದೆಯಲ್ಲ, ಅದೇನು?"

"ಒಳ್ಳೇ ಪ್ರಶ್ನೆ! ಅದು ನಮ್ಮ ದೀಪಸ್ತಂಭ ಸ್ವಾಮಿ. ನೂರಾ ಹದಿನೆಂಟು ಮೆಟ್ಟಿಲು..." ಗೈಡು ಮೈಕಿನಲ್ಲಿ ಸೊಗಸಾಗಿ ಶುರು ಮಾಡಿದ.

ಒಂದನೇ ಲಕ್ಷಣ. ಐದು ವರ್ಷದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಮೆಟ್ಟಿಲುಗಳನ್ನೆಲ್ಲ ಹತ್ತಿದವನು ಇದೇ ಅಪ್ಪ.

ಪ್ರಶ್ನೆಗಳು ನಿಲ್ಲಲಿಲ್ಲ. ಎಡಗಡೆ ಹಸಿರು ಗುಮ್ಮಟದ್ದು ಯಾವ ಕಟ್ಟಡ? ಈಗ ಹತ್ತಿದೆವಲ್ಲ, ಈ ಸೇತುವೆ ಎಷ್ಟು ಉದ್ದ?

ಪಕ್ಕದ ಸೀಟಿನ ದಢೂತಿ ಹೆಂಗಸು ಬಿಸ್ಕತ್ತು ಮುರಿಯುತ್ತ ಪಿಸುಗುಟ್ಟಿದಳು. "ಆ ಅಜ್ಜನ ಬಾಯಿಗೆ ಬಿಡುವೇ ಇಲ್ಲ ನೋಡಿ. ನನ್ನ ಮೊಮ್ಮಗನೇ ವಾಸಿ."

"ವಯಸ್ಸಾಗಿದೆ, ಪಾಪ."

"ಅದೇ ಮತ್ತೆ! ಮನೇಲಿ ಹೆಣ್ಣುಮಕ್ಕಳು ಇಲ್ವೋ ಏನೋ. ಒಬ್ಬರನ್ನೇ ಹೀಗೆ ಬಿಡ್ತಾರಾ?"

ಅವಳು ಕನ್ನಡಕವನ್ನು ಮೂಗಿನ ಮೇಲೆ ಇನ್ನಷ್ಟು ಒತ್ತಿಕೊಂಡಳು.

ಅಷ್ಟರಲ್ಲಿ ಅಪ್ಪನಿಗೆ ಸೀನು ಹತ್ತಿತು. ಒಂದರ ಹಿಂದೆ ಒಂದು, ಏಳೆಂಟು. ಗೈಡು ಸ್ವಲ್ಪ ಕಾದು, ಎಡಕ್ಕೆ ಕೈ ಬೀಸಿದ. "ಇಲ್ಲಿ ನೋಡಿ, ಇನ್ನೂರು ವರ್ಷದ ಹಳೇ ಅರಮನೆ! ಆ ಕೆತ್ತನೆ, ಆ ಕಂಬಗಳು!"

ಎಡಗಡೆ ಇದ್ದದ್ದು ಪೆಟ್ರೋಲ್ ಬಂಕು. ಬಸ್ಸಿಗೆ ಬಸ್ಸೇ ಘೊಳ್ಳೆಂದಿತು.

"ಆ ಬಂಕು ದಾಟಿದ್ರೆ ಅರಮನೆ ಸಿಗುತ್ತೆ, ಅಲ್ವಾ ಸರ್?" ಅಪ್ಪ ಮೂಗು ಒರೆಸುತ್ತ ಅವಸರದಿಂದ ಕೂಗಿದ.

"ನಗಿಸೋಣ ಅಂತ ಹೇಳಿದೆ ಸ್ವಾಮಿ, ನಗಿಸೋಣ ಅಂತ!" ಗೈಡೂ ನಕ್ಕ.

ಸದ್ಯ, ಪೆಟ್ರೋಲ್ ಬಂಕಿನ ಗುರುತಾದರೂ ಉಳಿದಿದೆ ಎಂದು ಅವಳು ಸಮಾಧಾನ ಪಟ್ಟುಕೊಂಡಳು.

ಗುಡ್ಡದ ಮೇಲೆ ಬಸ್ಸು ನಿಂತಿತು. ಕೆಳಗಿನ ಪುಟ್ಟ ಕೊಲ್ಲಿಗೆ ಕಡಿದಾದ ಕಲ್ಲು ಮೆಟ್ಟಿಲು. ಗೈಡು ಅಪ್ಪನ ತೋಳು ಹಿಡಿದು, ಹೆಜ್ಜೆಗೆ ಹೆಜ್ಜೆ ಸೇರಿಸಿ ಇಳಿದ. ಅಪ್ಪ ಮಗ್ಗಿ ಕಲಿಯುವ ಮಗುವಿನಂತೆ ಪ್ರತಿ ಮೆಟ್ಟಿಲನ್ನೂ ಗಟ್ಟಿಯಾಗಿ ಎಣಿಸುತ್ತಿದ್ದ. "ಹನ್ನೊಂದು... ಹನ್ನೆರಡು... ಇದು ಸ್ವಲ್ಪ ದೊಡ್ಡದು... ಹದಿಮೂರು."

ಎರಡನೇ ಲಕ್ಷಣವೋ ಇಪ್ಪತ್ತನೆಯದೋ, ಅವಳಿಗೆ ಲೆಕ್ಕ ತಪ್ಪಿತು.

ಕೆಳಗೆ ನೀಲಿ ನೀರು ಬಿಸಿಲಿಗೆ ಚೂರು ಚೂರಾಗಿ ಹೊಳೆಯುತ್ತಿತ್ತು. ಎಲ್ಲರೂ ಫೋಟೋಗೆ ಮುಗಿಬಿದ್ದರು. ಅಪ್ಪ ಮಾತ್ರ ಕಲ್ಲುಬೆಂಚಿನಲ್ಲಿ ಗೈಡನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಲೆ, ದೋಣಿ, ಹಾಯಿಯ ಬಣ್ಣ ಎಂದು ಕೈ ಬೀಸಿ ಬೀಸಿ ಬಣ್ಣಿಸುತ್ತಿದ್ದ. ಗೈಡಿಗೇ ಸಮುದ್ರದ ಪಾಠ! ಆ ಪುಣ್ಯಾತ್ಮ ಬೇಸರವಿಲ್ಲದೆ ತಲೆಯಾಡಿಸುತ್ತಿದ್ದ.

ಬಸ್ಸು ನಿಲ್ದಾಣಕ್ಕೆ ಮರಳುವಷ್ಟರಲ್ಲಿ ಅವಳು ಅಣ್ಣನಿಗೆ "ಹೂಂ" ಎಂದು ಬರೆದಿದ್ದಳು. ಕಳಿಸುವ ಮೊದಲು ಗೈಡಿಗೆ ಒಂದು ಒಳ್ಳೆಯ ಮಾತು ಹೇಳಬೇಕೆನಿಸಿತು. ಜನ ಕರಗಿದ ಮೇಲೆ ಸ್ಕಾರ್ಫು, ಕನ್ನಡಕ ಕಿತ್ತು, ನೇರ ಹೋಗಿ ಇಬ್ಬರ ಎದುರು ನಿಂತಳು.

ಅಪ್ಪನ ಮುಖ ಬಿಳಿಚಿತು. "ನೀನಾ? ಇಲ್ಲಿ?"

"ಮನೇಲಿ ಮಾತಾಡೋಣ ಅಪ್ಪ." ಅವಳು ಗೈಡಿನತ್ತ ತಿರುಗಿದಳು. "ಸರ್, ನಾನು ಇವರ ಮಗಳು. ಅಪ್ಪನ್ನ ಇಷ್ಟು ಜೋಪಾನವಾಗಿ ನೋಡ್ಕೊಂಡ್ರಿ..." ಕೈ ಚಾಚಿದಳು.

"ಓಹೋ, ಮಗಳಾ! ನಿಮ್ಮ ವಿಷಯ ಇವನು ಎಷ್ಟು ಹೇಳಿದ್ದಾನೆ!" ಗೈಡು ಮುಖವರಳಿಸಿ ಕೈ ಚಾಚಿದ. ಅವಳಿಂದ ಎರಡು ಅಡಿ ಆಚೆ ನಿಂತಿದ್ದ ದೀಪದ ಕಂಬಕ್ಕೆ.

ಅಪ್ಪ ಆ ಕೈಯನ್ನು ಹಿಡಿದು ಮೆಲ್ಲಗೆ ಅವಳ ಕೈಯೊಳಗಿಟ್ಟ. ಡ್ರೈವರ್ ದೂರ ಹೋದನೆಂದು ಖಚಿತ ಮಾಡಿಕೊಂಡು ದನಿ ತಗ್ಗಿಸಿದ.

"ಎರಡೂ ಕಣ್ಣಿಗೆ ಪೊರೆ ಬಂದು ಇವನಿಗೆ ಏನೂ ಕಾಣಲ್ಲ ಮಗಳೇ. ಬಸ್ಸಿನವರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ. ಆಪರೇಷನ್‌ಗೆ ಇನ್ನು ಮೂರು ವಾರ ಇದೆ, ಅಲ್ಲೀವರೆಗೂ ಈ ಗೈಡಿಗೆ ಊರು ತೋರಿಸೋ ಗೈಡು ನಾನೇ."